ಮುಳ್ಳಿಲ್ಲದ ಮೀನು

ತುಮಕೂರು

ಸೂಪರ್ ಮಾರ್ಕೆಟ್ಟಿನ ಮ್ಯಾನೇಜರ್ ಹೇಮಶ್ರೀ ಅವರಿಗೆ, ಉಪ್ಪಾರಹಳ್ಳಿಯ ಶಿವರಾಮಯ್ಯನ ನಮಸ್ಕಾರ.

ಮೊನ್ನೆ ನನ್ನ ಹೆಂಡತಿ ಗಂಗಲಕ್ಷ್ಮಮ್ಮನ ವರ್ಷದ ತಿಥಿ. ಎಡೆಗೆ ಅವಳಿಗಿಷ್ಟವಾದ ಕಾಟ್ಲಾ ಸಾರು ಇಡಬೇಕೆಂದು, ತಲೆ ಸಮೇತ ಇಡೀ ಮೀನು ಬೇಕೆಂದು ಫೋನಿನಲ್ಲಿ ಹೇಳಿದ್ದೆ. ನೀವು ಕಳಿಸಿದ್ದು ಐಸ್ ಕಟ್ಟಿದ ಬಾಸಾ ಅನ್ನುವ ಮೀನಿನ ತುಂಡು. ಬಿಳೀ ಸೋಪಿನ ತುಂಡಿನ ಹಾಗಿತ್ತು. ತಲೆಯಿಲ್ಲ, ಚರ್ಮವಿಲ್ಲ, ಮುಳ್ಳಿಲ್ಲ. ಕೇಳಿದರೆ, "ಕಾಟ್ಲಾ ಇರ್ಲಿಲ್ಲ ಅಂಕಲ್, ಇದೂ ಮೀನೇ ಅಲ್ವಾ? ಈಗ ಎಲ್ರೂ ಇದನ್ನೇ ಕೇಳ್ತಾರೆ" ಅಂದಿರಿ. ನಾನೂ ಬಿ.ಎ.ಯಲ್ಲಿ ಎಕನಾಮಿಕ್ಸ್ ಓದಿದವನೇ. ಸಬ್‌ಸ್ಟಿಟ್ಯೂಟ್ ಗೂಡ್ಸ್ ಅಂತ ಒಂದು ಪಾಠವಿತ್ತು, ಟೀ ಇಲ್ಲದಿದ್ದರೆ ಕಾಫಿ. ಡಿಮ್ಯಾಂಡ್ ಎಲಾಸ್ಟಿಕ್ಕೋ ಏನೋ, ಉಳಿದದ್ದು ಮರೆತಿದೆ. ಸತ್ತವರ ಎಡೆಗೂ ಅದು ಅನ್ವಯಿಸುತ್ತದೆಂದು ಯಾವ ಲೆಕ್ಚರರೂ ಹೇಳಿರಲಿಲ್ಲ.

ಸಾರು ಕುದಿಯುವಾಗಲೇ ಆ ವಾಸನೆಗೆ ಹೇಸಿಗೆಯಾಯಿತು. ಬೇರೆ ದಾರಿಯಿಲ್ಲದೆ ಅದನ್ನೇ ಎಡೆಗಿಟ್ಟು ಊಟಕ್ಕೆ ಕೂತೆ. ಮೂವತ್ತೆಂಟು ವರ್ಷ ಅವಳೇ ಮುಳ್ಳು ಬಿಡಿಸಿ, "ನೋಡ್ಕಂಡ್ ತಿನ್ರೀ, ಗಂಟಲಿಗೆ ಸಿಕ್ಕೊಂಡ್ರೆ ನಂಗೇ ಬೈತೀರಾ" ಅಂತ ನನ್ನ ತಟ್ಟೆಗೆ ಹಾಕುತ್ತಿದ್ದಳು. ಅವಳು ಹೋದಮೇಲೆ ನಾನು ಮೀನು ಮುಟ್ಟಿರಲಿಲ್ಲ. ಮೊನ್ನೆ ಹೇಸಿಗೆಪಟ್ಟ ಅದೇ ಮೀನನ್ನು ಎರಡು ಸಲ ಬಡಿಸಿಕೊಂಡು ತಿಂದೆ. ಮುಳ್ಳು ಬಿಡಿಸಲು ಪಕ್ಕದಲ್ಲಿ ಯಾರೂ ಬೇಕಾಗಲಿಲ್ಲ. ಕೈ ತೊಳೆಯುವಾಗ ನಿಮ್ಮ ಮೀನಿಗಿಂತ ನನ್ನ ಮೇಲೇ ಹೆಚ್ಚು ಅಸಹ್ಯವಾಯಿತು.

ಆದ್ದರಿಂದ ಪಿತೃಪಕ್ಷದ ಎಡೆಗೆ ದಯವಿಟ್ಟು ಕಾಟ್ಲಾನೇ ತರಿಸಿಡಿ. ಸಿಗದಿದ್ದರೆ ಏನನ್ನೂ ಕಳಿಸಬೇಡಿ, ಬರೀ ಅನ್ನ ಇಡುತ್ತೇನೆ. ಸಿಕ್ಕರೆ ಒಂದು ಮುಳ್ಳನ್ನೂ ತೆಗೆಸಬೇಡಿ. ಅವಳಿಲ್ಲ ಅನ್ನುವುದು ನನ್ನ ಗಂಟಲಿಗೂ ತಿಳಿಯಲಿ.

ಇಂತಿ ನಿಮ್ಮ ಹಳೆಯ ಗಿರಾಕಿ,
ಶಿವರಾಮಯ್ಯ