ದುಂಡು ಮಗುವಿಗೆ ಮೊದಲ ಬಹುಮಾನ

೧೪ ನವೆಂಬರ್ ೨೦೦೬, ಮಂಗಳವಾರ

ನಂಜನಾಡಿನಲ್ಲಿ ಇವತ್ತು ಮಕ್ಕಳ ದಿನದ 'ಆರೋಗ್ಯವಂತ ಮಗು' ಸ್ಪರ್ಧೆ. ಹೆಚ್ಚು ತೂಗಿದ ಮಗುವಿಗೇ ಮೊದಲ ಬಹುಮಾನ, ಅದೂ ಒಂದು ಡಬ್ಬ ಕ್ರೀಮ್ ಬಿಸ್ಕತ್ತು.

ಈ ಪದ್ಧತಿ ಬಿಡಿ, ಎತ್ತರವನ್ನೂ ನೋಡಿ, ಶಾಲೆಯೊಳಗೆ ಚಿಪ್ಸ್ ಮಾರದಂತೆ ಆದೇಶ ಹೊರಡಿಸಿ ಎಂದು ನರ್ಸುಗಳೆಲ್ಲರ ಪರವಾಗಿ ನಾನೂ ನನ್ನ ಜೊತೆಯ ನರ್ಸ್ ಮಲರ್‌ಕೊಡಿಯೂ ವರ್ಷವಿಡೀ ಊಟಿಗೆ ಅಲೆದದ್ದು ನೀರಿನಲ್ಲಿ ಹೋಮ ಮಾಡಿದಂತಾಯಿತು. "ಸಿಸ್ಟರ್, ನಮ್ಮ ಬೆಟ್ಟದ ಮಕ್ಕಳು ಸೊರಗಿ ಹೋಗಿವೆ. ಬೊಜ್ಜೆಲ್ಲ ಸಿಟಿಯವರ ಕಾಯಿಲೆ" ಎಂದು ಅಲ್ಲಿನ ಆರೋಗ್ಯಾಧಿಕಾರಿ ನಕ್ಕಿದ್ದರು. ಅವರೇ ಇವತ್ತು ನನ್ನನ್ನು ತೀರ್ಪುಗಾರಳಾಗಿ ಕೂರಿಸಿದರು. ಬಾಯಿ ಮುಚ್ಚಿಸಲು ಇದಕ್ಕಿಂತ ಸುಲಭದ ದಾರಿ ಇನ್ನೇನಿದೆ.

ಗೆದ್ದ ಹುಡುಗನಿಗೆ ಐದು ವರ್ಷ. ವೇದಿಕೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ಡಬ್ಬ ಕೊಟ್ಟ ಕೈ ನನ್ನದೇ.

ಕೆಳಗಿಳಿದರೆ ಪಕ್ಕದ ಹಟ್ಟಿಯ ಮಾದಿ ನಿಂತಿದ್ದಳು. ಅವಳ ಮಗಳು ಎತ್ತರಕ್ಕೆ ತಕ್ಕ ತೂಕದವಳು, ಅಂಗಳದ ತುಂಬ ಓಡುತ್ತಿದ್ದಳು.

"ಅಕ್ಕಾ, ನನ್ನ ಕೂಸು ಸೋತೋಯ್ತು. ನಾಳಿಂದ ರಾಗಿ ಹಿಟ್ಟು ಬಿಟ್ಟು ಆ ಬಿಸ್ಕತ್ತೇ ಕೊಡ್ತೀನಿ."

"ಬೇಡ ಮಾದಿ, ಅದು ಒಳ್ಳೇದಲ್ಲ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಕೊಟ್ಟದ್ದು ನೀವೇ ಅಲ್ವಾ ಅಕ್ಕಾ?"