ಮೂರನೆಯ ಸಾಲು ಗಿಡ್ಡವಾಗಿಯೇ ಇರಲಿ

ಮಂಗಳವಾರ, ಸಂಜೆ

ಪ್ರೀತಿಯ ಅಕ್ಕ,

ನಿನ್ನ ಕಾಗದ, ಅದರೊಳಗೆ ಮಡಚಿಟ್ಟಿದ್ದ ಹಾಡಿನ ಹಾಳೆ ಎರಡೂ ತಲುಪಿದವು. ನಿನ್ನ ಶಾಲೆಯ ಪತ್ರಿಕೆ ಶುಕ್ರವಾರವೇ ಅಚ್ಚಿಗೆ ಹೋಗುತ್ತದೆಂದು ಬರೆದಿದ್ದೀಯಲ್ಲ, ಅದಕ್ಕೇ ಹಾಯಿ ಹೊಲಿಯುವ ಕೆಲಸ ಮುಗಿದ ಕೂಡಲೇ ಬರೆಯಲು ಕುಳಿತಿದ್ದೇನೆ. ದಾರಕ್ಕೆ ಹಚ್ಚುವ ಮೇಣ ಹಾಳೆಗೆ ಅಂಟಿದ್ದರೆ ಬೈಯಬೇಡ.

ನಾನು ಕಳಿಸಿದ್ದ ನಾವಿಕರ ಹಾಡನ್ನು ನೀನು ಬಿಡಿಸಿ ನೋಡಿದ ರೀತಿ ಓದಿ ಖುಷಿಯಾಯಿತು. ನಾಲ್ಕು ನಾಲ್ಕು ಮಾತ್ರೆಯ ಗಣ, ಸಾಲಿಗೆ ಹದಿನಾರು, ಪ್ರತಿ ಸಾಲಿನ ಎರಡನೆಯ ಅಕ್ಷರ ಳಕಾರ. ಇದಕ್ಕೆಲ್ಲ ಹೆಸರುಗಳಿವೆಯೆಂದು ನಾಲ್ಕನೇ ತರಗತಿಗೇ ಶಾಲೆ ಬಿಟ್ಟ ನನಗೆ ಗೊತ್ತಿರಲಿಲ್ಲ. ಹೇಳಲು ಸಂಕೋಚ, ಆದರೂ ಹೇಳುತ್ತೇನೆ: ನೀನು ತಿದ್ದಿದ್ದು ಸರಿಬರಲಿಲ್ಲ ಅಕ್ಕ.

ಮೊದಲು ಹೀಗಿತ್ತು:

ಎಳೆ ಎಳೆ ಎಳೆ ಎಳೆ ಹಗ್ಗವನಣ್ಣಾ
ಹೊಳೆಯುವ ನೀರಿಗೆ ಕಣ್ಣಿಡಬೇಡಾ
ತಾಳೋ ತಾಳೋ

ಒಂದೇ ಮಾತು ನಾಲ್ಕು ಸಲ ಏಕೆಂದು ನೀನು ಮೊದಲ ಸಾಲನ್ನು ‘ಎಳೆಯಿರಿ ಬಲದಲಿ ಹಗ್ಗವನಣ್ಣಾ’ ಎಂದು ಮಾಡಿದೆ. ಮೂರನೆಯದರಲ್ಲಿ ಎಂಟೇ ಮಾತ್ರೆ ಇದೆಯೆಂದು ‘ದಡ ಬರುತಿಹುದೈ’ ಸೇರಿಸಿದೆ.

ಇವತ್ತು ಹೊಲಿದು ಮುಗಿಸಿದ ದೊಡ್ಡ ಹಾಯಿಯನ್ನು ಮಾಳಿಗೆಗೆ ಏರಿಸಬೇಕಿತ್ತು. ರಾಟೆಯ ಹಗ್ಗಕ್ಕೆ ಆರು ಜನ. ನಿನ್ನ ಸಾಲುಗಳನ್ನೇ ಹಾಡಿಸಿದೆ. ಇಬ್ಬರು ‘ಎಳೆಯಿರಿ’ಗೆ ಎಳೆದರು, ಉಳಿದವರು ‘ಬಲದಲಿ’ಗೆ. ಮೂರನೆಯ ಸಾಲಿನಲ್ಲಿ ಕೈ ಬದಲಿಸಲು ಪುರುಸೊತ್ತೇ ಸಿಗಲಿಲ್ಲ. ಹಾಯಿ ಅರ್ಧಕ್ಕೇ ನೇತಾಡಿತು. ಹಡಗಿನ ಕೆಲಸ ಬಿಟ್ಟು ಈಗ ನಮ್ಮೊಂದಿಗೆ ಹೊಲಿಯುವ ಸೂಜಿ ಅಜ್ಜ, ಯಾರು ತಿದ್ದಿದ್ದೆಂದು ಕೇಳಿದರು. ನಮ್ಮಕ್ಕ, ಟೀಚರು ಅಂದೆ.

“ಲೆಕ್ಕ ಸರಿ ಇದೆ ಮಗಾ. ಆದ್ರೆ ನಿಮ್ಮಕ್ಕ ಒಂದ್ಸಲಾನೂ ಹಗ್ಗ ಹಿಡ್ದಿಲ್ಲ” ಅಂದರು.

ಎಲ್ಲರೂ ನಕ್ಕರು. ನಾನೂ ನಕ್ಕೆ, ತಪ್ಪು ತಿಳಿಯಬೇಡ. ಆಮೇಲೆ ಮೊದಲಿದ್ದ ಹಾಗೇ ಹಾಡಿದೆವು. ಮೂರು ಸುತ್ತು ಹಾಡುವಷ್ಟರಲ್ಲಿ ಹಾಯಿ ಮೇಲೆ ಹೋಯಿತು. ನಾಲ್ಕು ‘ಎಳೆ’ಗೆ ನಾಲ್ಕು ಎಳೆತ. ಎರಡನೆಯ ಸಾಲಿಗೆ ಬಿಗಿ ಹಿಡಿದು ನಿಲ್ಲುತ್ತೇವೆ. ಮೂರನೆಯದು ಅರ್ಧಕ್ಕೆ ನಿಂತಾಗ ಬಾಯಿ ಮುಚ್ಚಿ ಕೈ ಬದಲಿಸುತ್ತೇವೆ. ನೀನು ಮಾತು ತುಂಬಿಸಿದ್ದು ಆ ಜಾಗದಲ್ಲೇ.

ದಯವಿಟ್ಟು ಇದ್ದ ಹಾಗೇ ಅಚ್ಚು ಹಾಕಿಸು. ಭಾವನಿಗೆ ನಮಸ್ಕಾರ ತಿಳಿಸು.

ನಿನ್ನ ತಂಗಿ

ಇನ್ನೊಂದು ಮಾತು: ಹಾಡಿನ ಕೆಳಗೆ ‘ನಾವಿಕರ ಹಳೆಯ ಹಾಡು’ ಎಂದು ಹಾಕಿದ್ದೀಯಲ್ಲ, ಅದನ್ನು ತೆಗೆದುಬಿಡು. ಸೂಜಿ ಅಜ್ಜನ ಬಾಯಿಂದ ಕೇಳಿ ಬರೆದುಕೊಂಡೆ ಎಂದು ನಾನು ನಿನಗೆ ಹೇಳಿದ್ದು ಸುಳ್ಳು. ಹೋದ ವರ್ಷ ಆ ಹಗ್ಗ ಹಿಡಿದೇ ಅದನ್ನು ಕಟ್ಟಿದವಳು ನಾನು. ನನ್ನದೆಂದರೆ ನೀನು ಇನ್ನೂ ಹೆಚ್ಚು ತಿದ್ದುತ್ತೀಯೆಂದು ಹೆದರಿದ್ದೆ.