ಕಲಿಸದ ಜೋಡಿ

ಸ್ಕಾರ್ವೊಯ ದ್ವೀಪ
೧೪ ಮಾರ್ಚ್

ಪ್ರೀತಿಯ ಇಂಗುನ್,

ನಿನ್ನ ಕಾಗದ ಬಂದು ಐದು ವಾರವಾಯಿತು, ಬೈಯಬೇಡ. ಇದು ಕಾಡ್ ಮೀನಿನ ಕಾಲ. ಕೈಯ ಲೋಳೆ ಹೋದರೆ ತಾನೇ ಪೆನ್ನು ಹಿಡಿಯುವುದು? ನಿನ್ನ ಅಮ್ಮ ಚೆನ್ನಾಗಿದ್ದಾಳೆ. ತಮ್ಮನಾದ ನನ್ನನ್ನು ಬೈಯುವಷ್ಟು ಶಕ್ತಿ ಇನ್ನೂ ಇದೆ. ಈ ಸಲವೂ ದ್ವೀಪದ ಅತಿ ದೊಡ್ಡ ಮೀನು ಹಿಡಿದವನು ನಿನ್ನ ಮಾವನೇ. ಮೂವತ್ತೊಂದು ಕಿಲೋ. ಅಮ್ಮ ಇಪ್ಪತ್ತಾರು ಎಂದರೆ ನಂಬಬೇಡ, ಅವಳು ತಲೆ ಕತ್ತರಿಸಿದ ಮೇಲೆ ತೂಗಿದಳು.

ಈಗ ಸುದ್ದಿ. ಟ್ರೊಮ್ಸೊದ ಒಂದು ಪ್ರಯೋಗಶಾಲೆಯಲ್ಲಿ ನನ್ನ ಮಿದುಳನ್ನು ಅಳೆದರು. ನಗಬೇಡ, ಇತ್ತಂತೆ. ಎಪ್ಪತ್ತು ದಾಟಿದವರು ಬೇಕೆಂದು ಅಂಗಡಿ ಬಾಗಿಲಿಗೆ ಚೀಟಿ ಅಂಟಿಸಿದ್ದರು. ಸುಮ್ಮನೆ ಕುತೂಹಲಕ್ಕೆ ಹೋಗುತ್ತೇನೆ ಎಂದು ನಿನ್ನ ಅಮ್ಮನಿಗೆ ಹೇಳಿದೆ. ನಿಜವೆಂದರೆ, ನನ್ನ ತಲೆ ಗಟ್ಟಿಯಿದೆ ಎಂದು ಯಾರದಾದರೂ ಬಾಯಿಂದ ಕೇಳಬೇಕಿತ್ತು.

ಟೂವಾ ಎಂಬ ಹುಡುಗಿ, ನಿನ್ನದೇ ವಯಸ್ಸು, ತೂತು ತೂತಿನ ಟೋಪಿ ಹಾಕಿ, ಒಂದೊಂದು ತೂತಿಗೂ ತಣ್ಣನೆಯ ಅಂಟು ತುಂಬಿ ತಂತಿ ಸಿಕ್ಕಿಸಿದಳು.

"ಓಡ್‌ವಾರ್, ಅಲ್ಲಾಡಬೇಡಿ, ಹಲ್ಲು ಕಡೀಬೇಡಿ."

"ಹಲ್ಲೆಲ್ಲಿದೆ ತಾಯಿ? ಎಲ್ಲಾ ನನ್ನ ಅಕ್ಕನ ಮಗಳು, ಹಲ್ಲಿನ ಡಾಕ್ಟರು, ಕಿತ್ಕೊಂಡು ಬರ್ಗೆನ್‌ನಲ್ಲಿ ಮನೆ ಕಟ್ಟಿದಾಳೆ!"

ಆಟ ಹೀಗೆ. ಪರದೆಯ ಮೇಲೆ ಅರ್ಥವಿಲ್ಲದ ಗೀಚುಗಳು ಬರುತ್ತವೆ. ಮೊದಲನೆಯದಕ್ಕೆ ಎರಡನೆಯದು ಜೋಡಿ, ಎರಡನೆಯದಕ್ಕೆ ಮೂರನೆಯದು ಜೋಡಿ ಎಂದು ಕಲಿಸುತ್ತಾರೆ. ಮೊದಲನೆಯದಕ್ಕೂ ಮೂರನೆಯದಕ್ಕೂ ನಂಟಿದೆ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಅದು ತಾನಾಗಿ ಹೊಳೆಯಬೇಕು. ನಂಟಿಲ್ಲದ ಜೋಡಿ ಕಂಡರೆ, ನಾವು ಗುಂಡಿ ಒತ್ತುವ ಮೊದಲೇ ಮಿದುಳು ಬೆಚ್ಚಿ ಅಲೆ ಎಬ್ಬಿಸುತ್ತದಂತೆ.

"ಇದು ನನ್ನ ಕಸುಬು ಕಣಮ್ಮ" ಎಂದು ಜಂಬ ಕೊಚ್ಚಿದೆ. ನಾವು ಮೀನಿನ ಜಾಗ ಹಿಡಿಯುವುದೂ ಹಾಗೆಯೇ ಅಲ್ಲವೇ? ದಡದ ಎರಡು ಗುರುತು ಒಂದರ ಹಿಂದೊಂದು ಬಂದರೆ ಒಂದು ಗೆರೆ. ಇನ್ನೊಂದು ಕಡೆಯ ಎರಡು ಗುರುತು ಸೇರಿದರೆ ಮತ್ತೊಂದು ಗೆರೆ. ಗೆರೆಗಳು ಕೂಡುವಲ್ಲಿ ಮೀನು. ನನ್ನ ಅಪ್ಪ ಗುರುತುಗಳನ್ನು ಕಿವಿಯಲ್ಲಿ ಹೇಳಿದ, ಬರೆದಿಡಬೇಡ ಎಂದ. ಜಾಗ ನಾನೇ ಕಂಡುಕೊಂಡೆ.

ಕಲಿಸಿದ ಜೋಡಿಗಳನ್ನೆಲ್ಲ ಒಂದೂ ತಪ್ಪಿಲ್ಲದೆ ಒತ್ತಿದೆ. "ಅಬ್ಬಾ, ಕಾಲೇಜು ಹುಡುಗರಿಗಿಂತ ಜೋರು!" ಅಂದಳು ಟೂವಾ. ಕಲಿಸದ ಜೋಡಿಗಳು ಬಂದಾಗ ಅವಳು ಕುರ್ಚಿಯನ್ನು ಪರದೆಗೆ ಹತ್ತಿರ ಎಳೆದುಕೊಂಡಳು. ಮುಗಿದ ಮೇಲೆ, ಕಾಫಿ ಲೋಟ ಹಿಡಿದು ಅವಳ ಪರದೆಗೆ ಬಗ್ಗಿದೆ. ನಂಟಿದ್ದ ಜೋಡಿಗೆ ನನ್ನ ಮಿದುಳಿನ ಅಲೆ ಕೆಂಪು ಗೆರೆ, ಇಲ್ಲದ್ದಕ್ಕೆ ನೀಲಿ. ಕಲಿಸಿದ್ದರಲ್ಲಿ ಅವೆರಡೂ ಬೇರೆ ಬೇರೆ ದಾರಿ ಹಿಡಿದಿದ್ದವು. ಕಲಿಸದ್ದರಲ್ಲಿ, ವ್ಯತ್ಯಾಸವೇ ತಿಳಿಯದವರಂತೆ, ಒಂದರ ಮೇಲೊಂದು ಮಲಗಿದ್ದವು.

"ಇದೇನು?" ಎಂದೆ.

"ಒಬ್ಬರ ಗೆರೆ ನೋಡಿ ಏನೂ ಹೇಳೋಕಾಗಲ್ಲ. ನಲವತ್ತು ಜನರದ್ದು ಸೇರಿಸಿ ನೋಡ್ತೀವಿ. ಇದು ಕಾಯಿಲೆ ಪರೀಕ್ಷೆ ಅಲ್ಲ, ಓಡ್‌ವಾರ್."

"ಮಿಕ್ಕವರದ್ದೂ ಹೀಗೇನಾ?"

"ನಿಮಗೆ ಸುಸ್ತಾಗಿದೆ" ಎಂದು ನನ್ನ ಕೂದಲಿನ ಅಂಟು ತೊಳೆಯತೊಡಗಿದಳು. ಬಿಸಿನೀರಿನಲ್ಲಿ, ಎಷ್ಟು ಮೆತ್ತಗೆ ತೊಳೆದಳೆಂದರೆ, ಇಂಗುನ್, ನನಗೆ ಹೆದರಿಕೆಯಾಯಿತು.

ಅಂದಿನಿಂದ ನನ್ನನ್ನು ನಾನೇ ಪರೀಕ್ಷಿಸುತ್ತಿದ್ದೇನೆ. ಆ ದೋಣಿ ಯಾರದ್ದು? ಅಂಚೆಯವನ ಹೆಂಡತಿ ಯಾರ ಮಗಳು? ಉತ್ತರ ಸರಿಯಾಗಿ ಬರುತ್ತದೆ. ಆದರೂ ಮತ್ತೆ ಕೇಳಿಕೊಳ್ಳುತ್ತೇನೆ: ಇದು ಗೊತ್ತಿದ್ದದ್ದೋ, ಈಗ ಊಹಿಸಿದ್ದೋ?

ಅಮ್ಮನಿಗೆ ಹೇಳಬೇಡ. ದೇವರು ನಿನ್ನ ಕೈಯನ್ನು ನಡುಗಿಸದಿರಲಿ, ಊರಿನ ಹಲ್ಲೆಲ್ಲ ಬೇರು ಸಮೇತ ನಿನ್ನ ಇಕ್ಕಳಕ್ಕೆ ಬರಲಿ.

ನಿನ್ನ ಮಾವ,
ಓಡ್‌ವಾರ್

ಮೇಲೆ ಬರೆಯದೆ ಬಿಟ್ಟದ್ದು: ಟ್ರೊಮ್ಸೊಗೆ ಹೋಗುವ ಹಿಂದಿನ ವಾರ, ನನ್ನ ಅಪ್ಪನ ಮೀನಿನ ಜಾಗ ಸಿಗದೆ, ನಿನ್ನ ಅಮ್ಮನನ್ನು ದೋಣಿಯಲ್ಲಿ ಎರಡು ಗಂಟೆ ಸುತ್ತಿಸಿದೆ. ಸೀಲ್ ಪ್ರಾಣಿಗಳನ್ನು ತೋರಿಸಿದ ಎಂದು ಅವಳು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾಳೆ. ಆಕಾಶ ತಿಳಿಯಾಗಿತ್ತು. ಚರ್ಚಿನ ಗೋಪುರವೂ ಕಾಣುತ್ತಿತ್ತು, ಕಾಗೆಬಂಡೆಯೂ ಕಾಣುತ್ತಿತ್ತು. ಎರಡೂ ಸೇರಿ ಏನು ಹೇಳುತ್ತಿವೆ ಎಂಬುದು ಮಾತ್ರ ಅಂದು ತಿಳಿಯಲಿಲ್ಲ. ಅಪ್ಪನ ಜಾಗ ನಿನಗೆ ಸೇರಬೇಕಾದದ್ದು. ಅವನ ಮಾತು ಮೀರಿ ಬರೆಯುತ್ತಿದ್ದೇನೆ. ಗೋಪುರ ಕಾಗೆಬಂಡೆಯ ಹಿಂದೆ ಅರ್ಧ ಮರೆಯಾಗಬೇಕು. ಅದು ಒಂದು ಗೆರೆ. ಇನ್ನೊಂದು ಗೆರೆ ನೆನಪಾಗಲೆಂದು ಈ ಕಾಗದವನ್ನು ಮೂರು ದಿನ ತೆರೆದೇ ಇಟ್ಟಿದ್ದೆ. ಈಸ್ಟರ್ ತನಕ ಕಾಯಬೇಡ, ಬಾ.